ನಡುವೆ ಉರಿದ ಕಂದೀಲು

ಸಿಂದಗಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಅಂಗಿ ತೂಗುಹಾಕುವ ಗೂಟದ ಪಕ್ಕದ ಗೂಟಕ್ಕೆ ಒಂದು ಕಂದೀಲು ತೂಗುತ್ತದೆ. ಕಂದೀಲಿಲ್ಲದ ಮನೆ ಯಾವುದಿದೆ ಎಂದು ನೀವು ನಗಬಹುದು. ವಿದ್ಯುತ್ತು ಬರುತ್ತದೆ ಎಂಬುದಕ್ಕಿಂತ ಹೋಗುತ್ತದೆ ಎಂಬುದನ್ನೇ ಹೆಚ್ಚು ನಂಬಬಹುದಾದ ನಮ್ಮ ಕಡೆ ಅದು ನೀರಿನ ಕೊಡದಷ್ಟೇ ಸಹಜವಾದ ವಸ್ತು. ಬಂದವರು ಬೆರಗಾಗುವುದು ಕಂದೀಲನ್ನು ಕಂಡಲ್ಲ, ಅದರ ಹಿಡಿಕೆಗೆ ಕಟ್ಟಿ ಸುರುಳಿ ಸುತ್ತಿಟ್ಟ ಹಗ್ಗವನ್ನು ಕಂಡು. ಮನೆಯ ಸೂರಿನಿಂದ ನೆಲಕ್ಕೆ ಇಳಿಬಿಟ್ಟರೂ ಇನ್ನೊಂದು ಅಷ್ಟೇ ಮಿಕ್ಕುವ ಉದ್ದ ಅದರದು. "ಮಾಸ್ತರ, ದೀಪಾ ಏನು ಪಾತಾಳಕ್ಕ ಕಳಸ್ತೀರೇನು?" ಎಂದು ನೆರೆಮನೆಯವರು ಚೇಷ್ಟೆ ಮಾಡುತ್ತಾರೆ. ನಾನೂ ನಗುತ್ತೇನೆ. ನಗುವಾಗ ನನ್ನ ಬಲಗಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ.

ಹತ್ತಿರ ಬಂದು ನೋಡಿದರೆ ಅದು ಒಂದು ಹಗ್ಗವಲ್ಲ, ಎರಡು. ಕಂದೀಲಿಗೆ ಕಟ್ಟಿರುವುದು ತಲೆಮಾರುಗಳ ಕೈ ಸವೆಸಿ ನುಣುಪಾದ ಹಳೆಯ ಹಗ್ಗ. ಅದರ ತುದಿಗೆ ಗಂಟು ಹಾಕಿ ಸೇರಿಸಿದ್ದು ಪುಂಡಿ ನಾರಿನ ಒರಟು ಹಗ್ಗ, ಎತ್ತಿನ ಚಕ್ಕಡಿಯಲ್ಲಿ ಹೇರು ಬಿಗಿಯುವಂಥದು. ಆ ಗಂಟನ್ನು ಹಾಕಿದವಳು ನೀಲವ್ವ. ಅದನ್ನು ಹಾಕುವ ಹೊತ್ತಿಗೆ ಅವಳ ಗಂಡ ಬಾಳಪ್ಪ ನೆಲದೊಳಗಿದ್ದ.

ನಮ್ಮ ಜಿಲ್ಲೆಯ ಹೊರಗಿನ ಓದುಗರಿಗೆ ಹಗೇವು ಎಂದರೆ ಏನೆಂದು ಹೇಳಬೇಕಾದೀತು. ಜೋಳವನ್ನು ನಾವು ಮನೆಯ ಮೇಲೆ ಕಟ್ಟಿಡುವುದಿಲ್ಲ, ನೆಲದಡಿಯ ಗುಂಡಿಯಲ್ಲಿ ಹೂಳಿಡುತ್ತೇವೆ; ಆ ಗುಂಡಿಯೇ ಹಗೇವು. ಹೂಜಿಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆಲ್ಲ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಒತ್ತು ಕೊಟ್ಟು, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ನಾಲ್ಕಾರು ವರ್ಷ ಕಾಳಿಗೆ ಹುಳ ಬೀಳುವುದಿಲ್ಲ. ಹುಳ ಏಕೆ ಬೀಳುವುದಿಲ್ಲ? ಅಲ್ಲಿ ಉಸಿರಾಡಲು ಗಾಳಿಯಿಲ್ಲ, ಅದಕ್ಕೆ. ಕಾಳು ಒಳಗೊಳಗೇ ಉಸಿರಾಡಿ ಇದ್ದ ಗಾಳಿಯನ್ನು ಕೆಡಿಸಿಟ್ಟಿರುತ್ತದೆ. ಹುಳವನ್ನು ಕೊಲ್ಲುವುದು ಮನುಷ್ಯನನ್ನೂ ಕೊಂದೀತು ಎಂಬುದು ಹಿರಿಯರಿಗೆ ತಿಳಿದಿತ್ತು. ಆದ್ದರಿಂದಲೇ ಹಗೇವಿನ ಬಾಯಿ ತೆಗೆದ ಮೇಲೆ ಮೊದಲು ಇಳಿಯುವುದು ಕಂದೀಲು, ಆಮೇಲೆ ಆಳು. ದೀಪ ಆರಿದರೆ ಯಾರೂ ಇಳಿಯಬಾರದು, ಉರಿದರೆ ಇಳಿಯಬಹುದು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಹಳ್ಳಿಯ ಯಾವ ಮುದುಕನನ್ನು ಕೇಳಿದರೂ ಇಷ್ಟು ಹೇಳಬಲ್ಲ.

ನಾನು ವಿಜ್ಞಾನದ ಮಾಸ್ತರ, ವಿಜಾಪುರದ ಕಾಲೇಜಿನಲ್ಲಿ ಓದಿದವನು. ಇದಕ್ಕಿಂತ ಹೆಚ್ಚು ಹೇಳಬಲ್ಲೆ. ನೀಲವ್ವ ಆ ಗಂಟು ಹಾಕಿದ ವರ್ಷವೇ, ಆ ಘಟನೆಗೆ ಹದಿನೈದು ದಿನ ಮುಂಚೆ, ಒಂಬತ್ತನೆಯ ಇಯತ್ತೆಯ ಮಕ್ಕಳ ಎದುರಿಗೆ ಗಾಜಿನ ಜಾಡಿಯಲ್ಲಿ ಒಂದು ಗಿಡ್ಡ, ಒಂದು ಉದ್ದ ಮೇಣದಬತ್ತಿ ಹಚ್ಚಿಟ್ಟು, ಇಂಗಾಲದ ಡೈಆಕ್ಸೈಡನ್ನು ನೀರಿನಂತೆ ಸುರಿದು ತೋರಿಸಿದ್ದೆ. ಗಿಡ್ಡದು ಮೊದಲು ಆರಿತು. ಉದ್ದದ್ದು ಇನ್ನೂ ಉರಿಯುತ್ತಿತ್ತು. "ಭಾರವಾದ ಗಾಳಿ ಕೆಳಗೆ ಕೂಡುತ್ತದೆ, ಮೇಲಿನ ದೀಪ ಉರಿದರೆ ಕೆಳಗೂ ಉರಿಯುತ್ತದೆ ಎಂದು ತಿಳಿಯಬೇಡಿ" ಎಂದು ಬಾಯಾರೆ ಹೇಳಿ ಹಲಗೆಯ ಮೇಲೆ ಬರೆದಿದ್ದೆ. ಆ ಅಕ್ಷರಗಳು ನನ್ನವೇ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತವೆ.

ಮನಗೂಳಿಯ ಸಮೀಪದ ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆ. ಮಾವ ಊರಿನ ಗೌಡರಲ್ಲಿ ಒಬ್ಬರು, ಕಠಿಣ ಮನಸ್ಸಿನವರಲ್ಲ. ತಂದೆಯಿಲ್ಲದ ನನ್ನನ್ನು ಓದಿಸಿದವರು ಅವರು. ಮಗಳ ಮದುವೆ ಗೊತ್ತಾಗಿ, ಊರಿಗೆಲ್ಲ ಊಟ ಹಾಕಬೇಕಾದ್ದರಿಂದ ಹಗೇವು ತೆಗೆಯಲು ನಿಶ್ಚಯಿಸಿದ್ದರು. ರಜೆಯೆಂದು ನಾನೂ ಹೋಗಿದ್ದೆ. ಬೆಳಿಗ್ಗೆ ಬಂಡೆ ಸರಿಸಿ, ನಾಷ್ಟಾ ಮುಗಿಸಿ, ಹೊತ್ತು ಒಂದಾಳೆತ್ತರ ಏರಿದ ಮೇಲೆ ಎಲ್ಲರೂ ಬಾಯಿಯ ಸುತ್ತ ಸೇರಿದೆವು. ಹಗೇವಿಗೆ ಇಳಿಯುವುದರಲ್ಲಿ ಬಾಳಪ್ಪನಿಗೆ ಹೆಸರಿತ್ತು. ಅವನ ಚಕ್ಕಡಿ ಪಕ್ಕದಲ್ಲೇ ನಿಂತಿತ್ತು. ಚೀಲ ಹಿಡಿಯಲು ನೀಲವ್ವ ಬಂದಿದ್ದಳು.

ಮಾವ ಗೂಟದಿಂದ ಕಂದೀಲು ತಂದು ಹಚ್ಚಿ, ಹಗೇವಿನೊಳಗೆ ಇಳಿಬಿಟ್ಟರು. ಆ ಹಗ್ಗ ಅವರ ತಂದೆಯ ಕಾಲದ್ದು, ಹಗೇವಿಗೆಂದೇ ಅಳೆದು ಇಟ್ಟದ್ದು. ಹಗೇವು ತುಂಬಿದ್ದಾಗ ಆ ಹಗ್ಗ ಕಾಳನ್ನು ಮುಟ್ಟುತ್ತಿತ್ತು. ಆದರೆ ಹಿಂದಿನ ಎರಡು ವರ್ಷ ಜೋಳ ತೆಗೆದು ತೆಗೆದು ಕಾಳಿನ ಮಟ್ಟ ಕೆಳಕ್ಕೆ ಹೋಗಿತ್ತು. ಹಗೇವು ಆಳವಾಗಿತ್ತು, ಹಗ್ಗ ಇದ್ದಷ್ಟೇ ಇತ್ತು. ಇದು ಎಷ್ಟು ಸಾದಾ ಸಂಗತಿ ನೋಡಿ. ಹೇಳಿದರೆ ಕೂಸಿಗೂ ತಿಳಿಯುತ್ತದೆ. ಅಲ್ಲಿ ನಿಂತ ಹನ್ನೆರಡು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಏಕೆಂದರೆ ಎಲ್ಲರೂ ನೋಡುತ್ತಿದ್ದುದು ದೀಪವನ್ನು, ಹಗ್ಗವನ್ನಲ್ಲ.

"ಉರಿಯಾಕತ್ತೈತಿ ನೋಡು, ಚಲೋ ಉರಿಯಾಕತ್ತೈತಿ," ಎಂದರು ಮಾವ.

ಒಬ್ಬರಿಗೂ ಹೊಳೆಯಲಿಲ್ಲ ಎಂದದ್ದು ಸುಳ್ಳು. ಹನ್ನೆರಡರಲ್ಲಿ ಒಬ್ಬನಿಗೆ ಹೊಳೆಯಿತು. ನಾನು ಬಗ್ಗಿ ನೋಡಿದೆ. ಕಂದೀಲು ಉರಿಯುತ್ತಿತ್ತು, ನಿಜ. ಆದರೆ ಅದು ಮೆಲ್ಲಗೆ ತೂಗುತ್ತಿತ್ತು. ಅದರ ಬೆಳಕಿನ ಬಳೆ ಹಗೇವಿನ ಗೋಡೆಯ ಮೇಲೆ ಅತ್ತಿತ್ತ ಸರಿಯುತ್ತಿತ್ತು. ಕಾಳನ್ನು ಮುಟ್ಟಿದ ಕಂದೀಲು ತೂಗುವುದಿಲ್ಲ, ಕುಳಿತಿರುತ್ತದೆ. ಉದ್ದನೆಯ ಮೇಣದಬತ್ತಿ ನೆನಪಾಯಿತು. "ಮಾಮಾ, ಹಗ್ಗ…" ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಬಾಳಪ್ಪ, ದೋತರ ಕಚ್ಚೆ ಬಿಗಿಯುತ್ತ, ನನ್ನತ್ತ ನೋಡಿ ಹಲ್ಲು ಬಿಟ್ಟ. "ಮಾಸ್ತರ, ನೀವು ಪುಸ್ತಕದಾಗ ಇಳೀರಿ. ಹಗೇವಿನ್ಯಾಗ ನಾ ಇಳೀತೇನಿ. ಗೌಡ್ರ, ಮದವ್ಯಾಗ ನನಗ ಎರಡು ಹೋಳಿಗಿ ಜಾಸ್ತಿ ನೋಡ್ರಿ ಮತ್ತ!"

"ಎರಡ್ಯಾಕೋ, ನಾಕ ತಿನ್ನು!" ಎಂದರು ಮಾವ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಅರ್ಧ ಮಾತು ಆ ನಗೆಯಲ್ಲಿ ಕರಗಿಹೋಯಿತು; ಉಳಿದರ್ಧವನ್ನು ನಾನು ನುಂಗಿದೆ. ಗೌಡರ ಮುಂದೆ, ಅನುಭವಸ್ಥರ ಮುಂದೆ, ಕಾಲೇಜು ಓದಿದ ಹುಡುಗನ ಅಧಿಕಪ್ರಸಂಗವಾದೀತು ಎಂಬ ಸಂಕೋಚ. ಸಂಕೋಚ! ಸಾಯುವವರೆಗೂ ಈ ಶಬ್ದವನ್ನು ನಾನು ಸದ್ಗುಣವೆಂದು ಇನ್ನೊಬ್ಬರಿಗೆ ಹೇಳಲಾರೆ.

ಬಾಳಪ್ಪ, ಹಗೇವಿನ ಬಾಯಿಗೆ ಅಡ್ಡ ಹಾಕಿದ ತೊಲೆಗೆ ಕಟ್ಟಿದ ದಪ್ಪ ಹಗ್ಗ ಹಿಡಿದು ಇಳಿದ. ನಡುವಿಗೆ ಕಟ್ಟಿಕೊಳ್ಳುವ ಪದ್ಧತಿ ಇರಲಿಲ್ಲ, ಕಟ್ಟಿಕೊಂಡವನನ್ನು ಅಂಜುಬುರುಕ ಎನ್ನುತ್ತಿದ್ದರು. ಕಂದೀಲನ್ನು ದಾಟಿ ಕೆಳಗೆ ಹೋದ. "ಬುಟ್ಟಿ ಬಿಡ್ರಿ" ಎಂದ. ಬುಟ್ಟಿ ಬಿಟ್ಟೆವು. ಬುಟ್ಟಿ ಹಗುರವಾಗಿಯೇ ಉಳಿಯಿತು. "ಬಾಳಪ್ಪಾ" ಎಂದು ಮಾವ ಕೂಗಿದರು. ಯಾರೋ ಮರಳಿನ ಚೀಲ ಇಳಿಸಿದಂಥ ಸಪ್ಪಳ ಮಾತ್ರ ಬಂತು. ಮೇಲೆ, ನಡುವೆ, ಕಂದೀಲು ಚೆನ್ನಾಗಿ ಉರಿಯುತ್ತಲೇ ಇತ್ತು.

ನಾನು ದಪ್ಪ ಹಗ್ಗಕ್ಕೆ ಕೈ ಹಾಕಿ ಬಲಗಾಲನ್ನು ಹಗೇವಿನ ಬಾಯೊಳಗೆ ಇಳಿಬಿಟ್ಟೆ. ಧೈರ್ಯವಲ್ಲ ಅದು, ದಯವಿಟ್ಟು ಹಾಗೆ ತಿಳಿಯಬೇಡಿ. ಆಡಬೇಕಾದ ಮಾತನ್ನು ನುಂಗಿದವನ ಹುಚ್ಚು. ಗಾಳಿ ಹೀಗಿದೆ ಎಂದು ಬಲ್ಲ ಒಬ್ಬನೇ ಒಬ್ಬ ಮನುಷ್ಯ ಆ ಗಾಳಿಯೊಳಕ್ಕೆ ಕಾಲಿಟ್ಟಿದ್ದ. ಹಿಂದಿನಿಂದ ಯಾರೋ ನನ್ನ ಅಂಗಿಯ ಕಾಲರು ಹಿಡಿದು ಜಗ್ಗಿದರು. ಕುತ್ತಿಗೆ ಬಿಗಿದು ನಾನು ಮಣ್ಣಿನ ಮೇಲೆ ಅಂಗಾತ ಬಿದ್ದೆ. ನೀಲವ್ವ! ಕೆಳಗಿರುವುದು ಅವಳ ಗಂಡ. ಎಲ್ಲರಿಗಿಂತ ಮೊದಲು ಯಾರನ್ನಾದರೂ ಕೆಳಗೆ ದೂಡಬೇಕಾದವಳು ಅವಳು. ಅವಳು ನನ್ನನ್ನು ಮೇಲಕ್ಕೆ ಎಳೆದಿದ್ದಳು.

"ನೀವು ಬ್ಯಾಡ್ರಿ! ಮೊದಲ ದೀಪಾ ಇಳಸ್ರಿ, ತಳಕ್ಕ ಇಳಸ್ರಿ!"

ಹೇಳುತ್ತಲೇ ಚಕ್ಕಡಿಯ ಹೇರು ಬಿಗಿಯುವ ಹಗ್ಗ ಬಿಚ್ಚಿ ತಂದು, ಮಾವನ ಕೈಯ ಹಗ್ಗದ ತುದಿಗೆ ಗಂಟು ಹಾಕಿ, ತಾನೇ ಕಂದೀಲು ಇಳಿಸಿದಳು. ಒಂದು ಮೊಳ, ಎರಡು ಮೊಳ. ಜ್ವಾಲೆ ಒಮ್ಮೆ ಉದ್ದವಾಗಿ ನೀಲಿಯಾಯಿತು. ಆಮೇಲೆ ಆರಿತು. ಯಾರೂ ಊದಿದಂತಿರಲಿಲ್ಲ, ನೀರಿನಲ್ಲಿ ಮುಳುಗಿದ ಹಾಗೆ ಆರಿತು. ಹಗೇವು ಕತ್ತಲಾಯಿತು. ಮೇಲಿದ್ದವರೆಲ್ಲ ಏಕಕಾಲಕ್ಕೆ ಉಸಿರೆಳೆದದ್ದು ನನಗೆ ಕೇಳಿಸಿತು.

ಕಂಬಳಿ ಬೀಸಿ ಬೀಸಿ ಗಾಳಿ ತುಂಬಿ, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯಿಂದ ಬಾಳಪ್ಪನ ದೋತರಕ್ಕೆ ಸಿಕ್ಕಿಸಿ ಅವನನ್ನು ಮೇಲೆ ತಂದಾಗ ಜೀವ ಇರಲಿಲ್ಲ. ಮುಷ್ಟಿಯಲ್ಲಿ ಒಂದು ಹಿಡಿ ಜೋಳವಿತ್ತು.

ಪೊಲೀಸರು ಬಂದರು; ಕಂದೀಲನ್ನೂ ಗಂಟು ಹಾಕಿದ ಹಗ್ಗವನ್ನೂ ಪಂಚನಾಮೆ ಮಾಡಿ ಒಯ್ದರು. ಅಲಕ್ಷ್ಯದಿಂದ ಸಾವು ತಂದ ಆರೋಪ ಮಾವನ ಮೇಲೆ ಬಂತು. ಫೌಜದಾರಿ ಖಟ್ಲೆ, ಅಂದರೆ ಕ್ರಿಮಿನಲ್ ಮೊಕದ್ದಮೆ, ಬಾಗೇವಾಡಿಯಲ್ಲಿ ನಡೆಯಿತು. ಸಿಂದಗಿಯಿಂದ ಹಿಪ್ಪರಗಿಯ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಕುಳಿತು, ನನ್ನನ್ನು ಓದಿಸಿದ ಮನುಷ್ಯನ ವಿರುದ್ಧ ಸಾಕ್ಷಿ ಹೇಳಲು ನಾನು ಹೋದೆ. ಕಟಕಟೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳು ಕೆಲವೇ. ಆಳು ಇಳಿಸುವ ಮುಂಚೆ ದೀಪ ಇಳಿಸಿದರೋ? ಇಳಿಸಿದರು. ಅದು ಉರಿಯಿತೋ? ಉರಿಯಿತು. ಊರಿನ ಪದ್ಧತಿ ಅದೇ ಅಲ್ಲವೋ? ಹೌದು. ಬಾಳಪ್ಪ ಕುಡಿದಿದ್ದನೋ? ಇಲ್ಲ. ಹತ್ತಿರ ಹೋಗಿ ಬಾಯಿ ಮೂಸಿ ನೋಡಿದ್ದಿರೋ? ಇಲ್ಲ.

ಮಾವ ನಿರ್ದೋಷಿ ಎಂದು ಬಿಡುಗಡೆಯಾದರು. ಊರಿಗೆ ಊರೇ ಈ ತೀರ್ಪನ್ನು ತನಗೆ ಬೇಕಾದಂತೆ ಓದಿಕೊಂಡಿತು. ಗೌಡರ ತಪ್ಪಿಲ್ಲ ಎಂದ ಮೇಲೆ ತಪ್ಪು ಇನ್ನಾರದೋ ಇರಲೇಬೇಕಲ್ಲ? "ದೀಪ ಉರದಿತ್ತು. ಬಾಳ್ಯಾನ ಕುಡದು ಇಳದಿದ್ನಂತ" ಎಂಬ ಮಾತು ಚಾವಡಿಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ನೀಲವ್ವನ ಇಬ್ಬರು ಹೆಣ್ಣುಮಕ್ಕಳ ಕಿವಿಗೆ ಬಂತು. ಅವಳ ತವರು ಮುದ್ದೇಬಿಹಾಳದ ಕಡೆ. ಅಲ್ಲಿಂದ ಅಣ್ಣ ಬಂದು ಕರೆದೊಯ್ಯುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಮುದಿ ವಕೀಲರೊಬ್ಬರ ಮೂಲಕ ಮಾವನ ಮೇಲೆ ಪರಿಹಾರ ಕೇಳಿ ದಿವಾಣಿ, ಅಂದರೆ ಸಿವಿಲ್, ದಾವೆ ಹಾಕಿದಳು. ನನಗೆ ಮತ್ತೆ ಸಮನ್ಸು ಬಂದ ದಿನ ಕೋರ್ಟಿನ ಬೇವಿನ ಗಿಡದ ಕೆಳಗೆ ಕುಳಿತಿದ್ದ ಅವಳು ಹೇಳಿದ್ದು ಇಷ್ಟು: "ರೊಕ್ಕಾ ಬಂದ್ರ ಹುಡುಗ್ಯಾರ ಹೊಟ್ಟಿಗಾತ್ರಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ನನ್ನ ಗಂಡ ಕುಡದು ಸತ್ತಾನ ಅನ್ನೂ ಮಾತು ಅಳಸಬೇಕ್ರಿ. ಅದಕ್ಕ ಬಂದೇನಿ."

ಅದೇ ಕೋಣೆ, ಅದೇ ಕಟಕಟೆ. ನ್ಯಾಯಾಧೀಶರು ಮಾತ್ರ ಬೇರೆ, ಮೊದಲಿನವರಿಗೆ ವರ್ಗವಾಗಿತ್ತು. ಮೇಜಿನ ಮೇಲೆ ಅದೇ ಕಂದೀಲು. ಈ ಸಲ ನನ್ನನ್ನು ಕೇಳಿದ್ದು ದೀಪ ಉರಿಯಿತೋ ಎಂದಲ್ಲ, ಎಲ್ಲಿ ಉರಿಯಿತು ಎಂದು. ನಡುವೆ, ಎಂದೆ. ಅಲ್ಲಿಂದ ಕಾಳಿಗೆ ಎಷ್ಟು ಅಂತರ? ಹೆಚ್ಚುಕಡಿಮೆ ಒಂದಾಳು. ಹಗ್ಗ ಇನ್ನಷ್ಟು ಉದ್ದವಿದ್ದಿದ್ದರೆ? ಮೊದಲೇ ಆರುತ್ತಿತ್ತು. ಉದ್ದದ ಹಗ್ಗ ಅಲ್ಲಿ ಸಿಗುವಂತಿತ್ತೋ? ಹತ್ತು ಹೆಜ್ಜೆಯ ಮೇಲೆ, ಚಕ್ಕಡಿಯಲ್ಲಿ. ಗೆಳೆಯರೇ, ನಾನು ಎರಡು ಕಡೆಯೂ ಸತ್ಯವನ್ನೇ ಹೇಳಿದೆ, ಒಂದೇ ಸತ್ಯವನ್ನು. ಅಲ್ಲಿ ಅದು ಮಾವನನ್ನು ಬಿಡಿಸಿತು, ಇಲ್ಲಿ ಹಿಡಿಯಿತು. ಬಾಳಪ್ಪನ ಸಾವು ಅವನ ತಪ್ಪಿನಿಂದಾದದ್ದಲ್ಲ, ಇಳಿಸಿದವರು ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳದ್ದರಿಂದ ಆದದ್ದು, ಆದ್ದರಿಂದ ಪರಿಹಾರ ಕೊಡತಕ್ಕದ್ದು ಎಂದು ತೀರ್ಪಾಯಿತು.

"ಹೊಸಾ ಸಾಹೇಬ ಬಾಳ ಬಿಗಿ" ಎಂದು ಊರವರು ಅದನ್ನು ನ್ಯಾಯಾಧೀಶರ ಸ್ವಭಾವಕ್ಕೆ ಕಟ್ಟಿದರು. ಮಾವನಂತೂ ಕೋರ್ಟಿನ ಮೆಟ್ಟಿಲ ಮೇಲೆಯೇ ರುಮಾಲು ತೆಗೆದು ತೊಡೆಗೆ ಬಡಿದುಕೊಂಡರು. "ಒಂದು ಕೋರ್ಟು ಬಿಟ್ಟೈತಿ, ಒಂದು ಹಿಡದೈತಿ. ನಾ ಕೆಟ್ಟಾಂವ ಏನು ಚಲೋಂವ, ಒಂದ ಹೇಳ್ರಲಾ!"

ಆ ಪ್ರಶ್ನೆ ನನ್ನದೂ ಆಗಿತ್ತು. ಚಹಾದಂಗಡಿಯಲ್ಲಿ ಬಸಿಗೆ ಚಹಾ ಸುರಿದುಕೊಳ್ಳುತ್ತ ಕುಳಿತ ಮುದಿ ವಕೀಲರನ್ನು ಕೇಳಿಯೇಬಿಟ್ಟೆ.

"ನೋಡ್ರಿ ಮಾಸ್ತರ," ಎಂದರು ಅವರು, "ಫೌಜದಾರಿಯೊಳಗ ಸರಕಾರ ಒಬ್ಬ ಮನಷ್ಯಾಗ ಗುನ್ಹೇಗಾರ ಅಂತ ಮುದ್ರಿ ಒತ್ತಾಕ ಹೊಂಟಿರ್ತೈತಿ. ಒತ್ತಿದ್ರ ಅಳಸೂದಿಲ್ಲ, ಜೇಲೂ ಆಗಬಹುದು. ಅದಕ್ಕ ಸಣ್ಣ ಮರವು ಸಾಲಾಂಗಿಲ್ಲ, ಹೋದ್ರ ಹೋಗ್ಲಿ ಅನ್ನೂವಂಥಾ ದೊಡ್ಡ ಅಲಕ್ಷ್ಯ ಬೇಕು. ಖರೇನ ಸಂಶಯ ಉಳದ್ರ ಬಿಡ್ತಾರ. ನಿಮ್ಮ ಮಾವ ದೀಪಾ ಇಳಿಸಿದ್ದಾ. ಸಾಯ್ಲಿ ಅನ್ನಾಂವ ದೀಪಾ ಯಾಕ ಇಳಸ್ತಾನ? ದಿವಾಣಿಯೊಳಗ ಯಾರಿಗೂ ಕೆಟ್ಟಾಂವ ಅನ್ನೂದಿಲ್ರಿ. ಒಂದು ಹಾನಿ ಆಗೇತಿ. ಶಾಣ್ಯಾ ಮನಷ್ಯಾ ಇಡಬೇಕಾದಷ್ಟು ಎಚ್ಚರ ಯಾರು ಇಡಲಿಲ್ಲ, ಅದನ್ನ ಯಾರು ಹೊರಬೇಕು? ಇಷ್ಟ. ತಕ್ಕಡಿ ಒಂದೀಟು ಯಾ ಕಡೆ ಜಗ್ಗತೈತಿ, ಆ ಕಡೆ. ಅಲ್ಲಿ ನಿಮ್ಮ ಮಾವನ ಮನಸು ಅಳದ್ರು, ಇಲ್ಲಿ ಹಗ್ಗಾ ಅಳದ್ರು."

ಬಸ್ಸಿನಲ್ಲಿ ಮರಳುವಾಗ ನನಗೆ ನೆನಪಾದದ್ದು ನನ್ನ ತಾಯಿಯ ಅಡಿಗೆಮನೆ. ಸಣ್ಣವನಿದ್ದಾಗ ಮಜ್ಜಿಗೆಯ ಗಡಿಗೆ ಒದ್ದು ಕೆಡವಿದ್ದೆ. ಏಟು ಬೀಳುತ್ತದೆಂದು ಮೂಲೆಗೆ ಸರಿದು ನಿಂತರೆ ಅವ್ವ ಹೇಳಿದ್ದಳು: "ಬೇಕಂತ ಚೆಲ್ಲಿಲ್ಲ, ಹೊಡ್ಯಾಂಗಿಲ್ಲ. ಅರಿವಿ ತಗೊಂಡು ಒರಸು." ಎರಡು ಕೋರ್ಟು, ಎರಡು ತೀರ್ಪು, ಎರಡಕ್ಕೂ ಒಬ್ಬಳೇ ನ್ಯಾಯಾಧೀಶೆ! ಹೊಡೆಯಲಿಲ್ಲವಾದ್ದರಿಂದ ಒರೆಸಬೇಕಾಗಿಲ್ಲ ಎಂದು ನನಗೆ ಅಂದು ಅನ್ನಿಸಿರಲಿಲ್ಲ. ಒರೆಸಿದ್ದರಿಂದ ನಾನು ದುಷ್ಟನೆಂದೂ ಅನ್ನಿಸಿರಲಿಲ್ಲ. ಇಷ್ಟು ಸರಳವಾದದ್ದು ದೊಡ್ಡವರಾದ ಮೇಲೆ ಏಕೆ ಮರೆತುಹೋಗುತ್ತದೆ? ಬಿಡುಗಡೆಯಾದವನ ಕೈ ತೊಳೆದಂತೆ ಸ್ವಚ್ಛ ಎಂದು ನಂಬುತ್ತೇವೆ, ಆ ಸ್ವಚ್ಛತೆಗಾಗಿ ಸತ್ತವನ ಬಾಯಿಗೆ ಹೆಂಡದ ವಾಸನೆ ಅಂಟಿಸುತ್ತೇವೆ. ಗುನ್ಹೆ ಇಲ್ಲದೆಯೂ ಹೊಣೆ ಇರಬಹುದು ಎಂದು ಒಪ್ಪಿಕೊಂಡಿದ್ದರೆ, ಬಾಳಪ್ಪನನ್ನು ಸತ್ತ ಮೇಲೆ ಕುಡುಕನನ್ನಾಗಿಸುವ ಅಗತ್ಯ ಊರಿಗೆ ಬೀಳುತ್ತಿರಲಿಲ್ಲ. ಇದನ್ನೆಲ್ಲ ಯೋಚಿಸಿ ನಾನು ಒಂದು ಬಗೆಯ ಸಮಾಧಾನಕ್ಕೆ ಬಂದಿದ್ದೆ. ಸಮಾಧಾನ ಅಷ್ಟು ಅಗ್ಗವಾಗಿ ಸಿಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಮಾವ ಪರಿಹಾರವನ್ನು ಕೊಟ್ಟು ತೀರಿಸಿದರು, ಅಪೀಲು ಹೋಗಲಿಲ್ಲ. ಕೋರ್ಟು ಕಂದೀಲನ್ನು ಮರಳಿಸಿದ ದಿನ ಅದನ್ನು ನೇರ ಸಿಂದಗಿಗೆ ತಂದು ನನ್ನ ಗೂಟಕ್ಕೆ ಹಾಕಿದರು. "ಇದು ನಮ್ಮ ಮನ್ಯಾಗ ಬ್ಯಾಡೋ ತಮ್ಮಾ. ನಿಮ್ಮ ಅತ್ತಿ ಅದರ ಮುಂದ ಹಾಯೂದಿಲ್ಲ," ಎಂದರು. ನೀರು ಕುಡಿದು ಎದ್ದರು. ನನ್ನ ಸಾಕ್ಷಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಸಿಲ ಬಳಿ ಮಾತ್ರ ಒಮ್ಮೆ ನಿಂತು, ಕಂದೀಲಿನತ್ತ ತಿರುಗದೆ, "ಅದು ನಮ್ಮಪ್ಪನ ಹಗ್ಗಾ" ಎಂದರು.

ಹೋದ ತಿಂಗಳು ಒಂದು ಮಧ್ಯಾಹ್ನ ನೀಲವ್ವ ಬಂದಳು. ಹಿರಿಯ ಮಗಳನ್ನು ಹೈಸ್ಕೂಲಿಗೆ ಸೇರಿಸಬೇಕಾಗಿತ್ತು, ಅದನ್ನು ವಿಚಾರಿಸಲು. ಹೊಸ ಎತ್ತು ಕೊಂಡಿದ್ದಾಳೆ, ಚಕ್ಕಡಿಯನ್ನು ತಾನೇ ಹೊಡೆಯುತ್ತಾಳೆ. ಈಗ ಊರಿನಲ್ಲಿ ಯಾರೂ ಕುಡಿದ ಮಾತು ಎತ್ತುವುದಿಲ್ಲವಂತೆ. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು ಎದ್ದವಳು ಗೂಟದ ಎದುರು ನಿಂತಳು. ಕಂದೀಲನ್ನಲ್ಲ, ಪುಂಡಿ ಹಗ್ಗವನ್ನು ಮುಟ್ಟಿದಳು.

"ಇದು ನಮ್ಮ ಚಕ್ಕಡಿ ಹಗ್ಗರಿ."

"ಹೌದವ್ವಾ. ನಿಂದ ಐತಿ, ಒಯ್ಯಿ. ಗಂಟು ಬಿಚ್ಚಿ ಕೊಡ್ತೇನಿ," ಎಂದೆ.

ಅವಳು ಗಂಟಿನ ಮೇಲೆ ಬೆರಳಿಟ್ಟು, ನನ್ನತ್ತ ತಿರುಗದೆ ಕೇಳಿದಳು: "ಮಾಸ್ತರ, ಅವತ್ತ ನೀವು ಬಾಯಿ ತಗದಿದ್ರಿ. ಅಂವಾ ಚ್ಯಾಷ್ಟಿ ಮಾಡಿದಾ, ನೀವು ನಕ್ಕಬಿಟ್ರಿ. ನಾ ನೋಡೇನಿ. ಏನ ಅನ್ನಾವ್ರ ಇದ್ರಿ?"

ಎರಡು ಕೋರ್ಟುಗಳು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳದ ಪ್ರಶ್ನೆ. ಕಾಯಿದೆಯ ಯಾವ ಕಲಮಿನಲ್ಲೂ ಅದಕ್ಕೆ ಜಾಗವಿಲ್ಲ. ನಾನು ಹಗೇವಿನ ಒಡೆಯನಲ್ಲ, ಆಳನ್ನು ಇಳಿಸಿದವನಲ್ಲ. ಬಾಯಿ ಮುಚ್ಚಿಕೊಂಡು ನಿಂತ ನೆಂಟನನ್ನು ಫೌಜದಾರಿಯೂ ಹಿಡಿಯುವುದಿಲ್ಲ, ದಿವಾಣಿಯೂ ಹಿಡಿಯುವುದಿಲ್ಲ. ನಾಲ್ಕು ವರ್ಷ ಆ ನಡುವಿನಲ್ಲಿ ನಾನು ಸುಖವಾಗಿ ತೂಗಾಡುತ್ತಿದ್ದೆ.

"ಹಗ್ಗ ತಳಾ ಮುಟ್ಟಿಲ್ಲ ಅನ್ನಾಂವ ಇದ್ದೆ," ಎಂದೆ. "ನನಗ ಗೊತ್ತಿತ್ತು, ನೀಲವ್ವಾ."

ಅವಳು ಬೈಯಲಿಲ್ಲ, ಅಳಲಿಲ್ಲ. ನನ್ನ ಕಾಲರು ಹಿಡಿದು ಜಗ್ಗಿದ ಕೈ ಅದೇ; ಈಗ ಅದು ಗಂಟಿನ ಎರಡೂ ಕಡೆಯ ಹಗ್ಗ ಹಿಡಿದು, ಬಿಚ್ಚುವ ಬದಲು, ಕೀರೆಂದು ಸದ್ದಾಗುವಂತೆ ಬಿಗಿಯಿತು.

"ಬಿಚ್ಚಬ್ಯಾಡ್ರಿ. ಇಲ್ಲೇ ಇರ್ಲಿ. ಯಾರರೆ ಹಗೇವು ತಗದ್ರ ನೀವ ತಗೊಂಡು ಹೋಗ್ರಿ. ಹೋಗಿ ಬಾಯಿ ತಗೀರಿ."

ಅವಳು ಹೋದ ಮೇಲೆಯೂ ಕಂದೀಲು ಅವಳ ಕೈ ತಾಗಿದ್ದಕ್ಕೆ ಗೂಟದಲ್ಲಿ ತೂಗುತ್ತಿತ್ತು. ನಾನು ಅದನ್ನೇ ನೋಡುತ್ತ ಕುಳಿತಿದ್ದೆ. ಆಮೇಲೆ ಎದ್ದು, ಸುರುಳಿ ಬಿಚ್ಚಿ, ಹಗ್ಗವನ್ನು ಸೂರಿನ ತೊಲೆಯ ಮೇಲಿಂದ ಹಾಯಿಸಿ ಕಂದೀಲನ್ನು ಮೆಲ್ಲಗೆ ಇಳಿಬಿಟ್ಟೆ. ನುಣುಪು ಹಗ್ಗ ಮುಗಿಯಿತು, ಗಂಟು ಅಂಗೈಯನ್ನು ಹಾಯ್ದು ಹೋಯಿತು, ಒರಟು ಹಗ್ಗ ಬಂತು. ಕಂದೀಲು ನೆಲಕ್ಕೆ ಕುಳಿತು ತೂಗುವುದನ್ನು ನಿಲ್ಲಿಸಿ, ಹಗ್ಗ ಕೈಯಲ್ಲಿ ಸಡಿಲವಾಗುವವರೆಗೂ ನಾನು ಬಿಡುತ್ತಲೇ ಇದ್ದೆ.